ತೋಳಿನ ದಾರಿಯಲ್ಲಿ ಬಂದ ನಿದ್ದೆ

ನನ್ನ ಮುದ್ದು ಅಪ್ಪಯ್ಯನಿಗೆ,

ನಾನು ಬದುಕಿದ್ದೇನೆ! ಮೊದಲು ಇದನ್ನೇ ಬರೆಯಬೇಕು, ಇಲ್ಲದಿದ್ದರೆ ಅಲ್ಲಿಯೂ ನೀವು ಶತಪಥ ತಿರುಗುತ್ತೀರಿ. ನೀವು ಕಣ್ಮುಚ್ಚಿದ ಮೇಲೆ ನನಗೆ ಮದುವೆಯೂ ಆಯಿತು. ಆಗಿ ಇನ್ನೂ ಎರಡೇ ತಿಂಗಳು! ಗಂಡನ ಮನೆ ದೇವನೂರು.

ನೀವು ತರೀಕೆರೆ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿ ರೋಗಿಗಳ ಮೂಗಿನ ಮೇಲೆ ಕ್ಲೋರೋಫಾರಂ ಹನಿಸುತ್ತಿದ್ದುದು ಕಣ್ಣಿಗೆ ಕಟ್ಟಿದೆ. ಊರಿಗೆಲ್ಲ ನಿದ್ದೆ ಕೊಟ್ಟವರು ನನಗೆ ಮಾತ್ರ, "ಇದು ನಿನ್ನ ಹತ್ರ ಸುಳೀಬಾರ್ದು ಕಣೇ," ಎನ್ನುತ್ತಿದ್ದಿರಿ. ಗಾಳಿಗುಳ್ಳೆ ತುಂಬಿದ ನಿಮ್ಮ ಶ್ವಾಸಕೋಶವೇ ನನಗೂ ಬಂದಿತ್ತಲ್ಲ! "ನನ್ನ ಸರ್ವೀಸಲ್ಲಿ ಇಂಥದ್ದು ಎರಡೇ ನೋಡಿದ್ದು. ಅಪ್ಪಂದು, ಮಗಳದು," ಎಂದು ನಿಮ್ಮ ಡಾಕ್ಟರು ಈಗಲೂ ಹೇಳುತ್ತಾರೆ.

ಹೋದ ವಾರ ನನ್ನ ಕಂಕುಳಲ್ಲಿ ಆಳವಾದ ಕುರು ಎದ್ದಿತು. ಕೊಯ್ಯದಿದ್ದರೆ ಮೈಯೆಲ್ಲ ನಂಜು. ಕೊಯ್ಯಲು ಕ್ಲೋರೋಫಾರಂ ಕೊಟ್ಟರೆ ನನ್ನ ಉಸಿರು... ಅತ್ತೆಯೇ ಹಟ ಹಿಡಿದು ನನ್ನನ್ನೂ ಇವರನ್ನೂ ತರೀಕೆರೆಗೆ ಹೊರಡಿಸಿ, ತಾವೂ ಜೊತೆಗೆ ಬಂದರು.

ಡಾಕ್ಟರು ಸಿರಿಂಜ್ ತೋರಿಸಿದಾಗ ನಿಮ್ಮನ್ನೇ ನೆನೆದೆ. ನಿದ್ದೆಯ ಮದ್ದು ನೇರವಾಗಿ ತೋಳಿನ ರಕ್ತನಾಳಕ್ಕೆ, ಅಪ್ಪಯ್ಯ! ಮೂಗಿನ ತಂಟೆಯೇ ಇಲ್ಲ. ನಂಬುತ್ತೀರಾ? "ಜೋರಾಗಿ ತಳ್ಳಿದ್ರೆ ಇದೂ ಉಸಿರು ನಿಲ್ಸುತ್ತೆ. ನೀನು ಎಣಿಸ್ತಾ ಇರು, ನಾನು ನೋಡ್ಕೊಂಡು ಸ್ವಲ್ಪಸ್ವಲ್ಪ ಬಿಡ್ತೀನಿ," ಎಂದರು. ಕಾನ್ವೆಂಟಿನ ಹುಡುಗಿ ತಾನೇ, ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಎಣಿಸಿದೆ. ಇಲೆವೆನ್ ಎಂದದ್ದು ನೆನಪಿದೆ. ಟ್ವೆಲ್ವ್...

ಎಣಿಕೆ ನಿಲ್ಲುವುದೇ ಸರಿ ಎಂದು ಬಾಗಿಲಾಚೆ ಕೂತ ಅತ್ತೆಗೆ ಯಾರೂ ಹೇಳಿರಲಿಲ್ಲ! "ಅಯ್ಯೋ, ಮಗಾ ಸುಮ್ನಾಗ್ಬಿಡ್ತಲ್ಲಪ್ಪಾ!" ಎಂದು ಎದೆ ಬಡಿದುಕೊಂಡರಂತೆ. ಕುರು ಕೊಯ್ದು ಮುಗಿಸಿ ಅವರನ್ನು ಒಳಗೆ ಬಿಟ್ಟಾಗ, ನಾನು ಅರೆ ಎಚ್ಚರದಲ್ಲಿ ಗಂಡನ ಹೆಸರು ಹಿಡಿದು ಕೂಗುತ್ತಿದ್ದೆ! ಒಂದಲ್ಲ, ಹತ್ತು ಸಲ! ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆಂದು ಮದುವೆಯ ಮಾರನೇ ದಿನವೇ ತಾಕೀತು ಮಾಡಿದ್ದ ಅತ್ತೆಯ ಎದುರಿಗೇ! ನರ್ಸಮ್ಮ ನನ್ನ ಬಾಯಿ ಮುಚ್ಚಲು ಬಂದರೆ ಅತ್ತೆ ಅವರ ಕೈ ತಳ್ಳಿ, "ಬಿಡಮ್ಮಾ, ಕೂಗ್ಲಿ! ಉಸ್ರಿದ್ರೆ ತಾನೇ ಕೂಗೋದು? ಇನ್ನೊಂದ್ಸಲ ಕೂಗೇ, ನನ್ನವ್ವಾ," ಎಂದು ನನ್ನ ಕೆನ್ನೆ ಹಿಡಿದು ಅತ್ತರಂತೆ. ಇವರು ಗೋಡೆ ಕಡೆ ತಿರುಗಿ ನಿಂತಿದ್ದರಂತೆ, ನಾಚಿಕೆಗೋ, ಅಳುವಿಗೋ...

ಮನೆಗೆ ಬಂದ ಕೂಡಲೇ ಅತ್ತೆಯ ಕಾಯಿದೆ ಮತ್ತೆ ಜಾರಿಯಾಗಿದೆ. "ಆಸ್ಪತ್ರೇಲಿ ಕೂಗಿದ್ದು ಅಲ್ಲಿಗೇ ಮುಗೀತು ಕಣೇ!" ಆದರೆ ಬರೆಯಬಾರದು ಎಂದಿಲ್ಲವಲ್ಲ? ನಿಮಗೆ ಇದನ್ನು ಇನ್ಯಾರು ತಿಳಿಸಬೇಕು? ಅಪ್ಪಯ್ಯ, ನಿಮ್ಮ ಅಳಿಯನ ಹೆಸರು ಶ್ರೀಕಂಠ.