ಅರ್ಧಕ್ಕೆ ಎದ್ದ ಸಭೆ

ಕೆಮ್ಮಣ್ಣು
24 ಆಗಸ್ಟ್ 2025, ಆದಿತ್ಯವಾರ

ಪ್ರೀತಿಯ ಶಾಝಿಯಾ,

ಕೈಯಲ್ಲಿ ಫೋನ್ ಉಂಟು, ನಿಮ್ಮ ಕಾಪುವಿಗೆ ಬಸ್ಸೂ ಉಂಟು, ಇವಳಿಗೆ ಕಾಗದ ಬರೆಯುವ ಹುಚ್ಚು ಎಂತದು ಎಂದು ನಗಬೇಡ. ಫೋನ್ ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತಿ, ನಾನು ಅಳುತ್ತೇನೆ, ವಿಷಯ ಅಲ್ಲಿಗೇ ನಿಲ್ಲುತ್ತದೆ. ನನ್ನ ಅಜ್ಜಿ ಕಥೆ ಹೇಳುವಾಗ ಕೊನೆಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಟ್ಟುಕೊಂಡಂತೆ ಆಡುತ್ತಿದ್ದರು. ನಾನು ಗಂಟನ್ನು ಮೊದಲೇ ಬಿಚ್ಚುತ್ತೇನೆ. ನಾನು ನಿನ್ನ ಜೊತೆ ಮೈಸೂರಿಗೆ ಬರುವುದಿಲ್ಲ. ಎಂ.ಎ.ಗೆ ಅರ್ಜಿ ಹಾಕಲೇ ಇಲ್ಲ. ಹಾಕಿದೆಯಾ ಎಂದು ನೀನು ಕೇಳಿದಾಗ ನಾನು ಕಳಿಸಿದ ಹೆಬ್ಬೆರಳಿನ ಚಿತ್ರ ಸುಳ್ಳು. ಕೊನೆಯ ದಿನ ಮೊನ್ನೆ ದಾಟಿತು. ನನಗೆ ಉಡುಪಿಯಲ್ಲಿ ಬಿ.ಎಡ್. ಸೀಟು ಆಗಿದೆ.

ಒಮ್ಮೆ ಚೆನ್ನಾಗಿ ಬೈದುಬಿಡು. ಆಮೇಲೆ ಮುಂದೆ ಓದು.

ತಪ್ಪನ್ನು ಇಮ್ಯಾನುಯೆಲ್ ಸರ್ ತಲೆಗೆ ಕಟ್ಟಲು ನೋಡಿದೆ, ಆಗಲಿಲ್ಲ. ಕಾರ್ಕಳದ ಆ ಸಣ್ಣ ಕಾಲೇಜಿನಲ್ಲಿ ತತ್ತ್ವಶಾಸ್ತ್ರಕ್ಕೆ ಇದ್ದವರೇ ನಾವು ಮೂವರು: ನೀನು, ನಾನು, ಬೇರೆಲ್ಲೂ ಸೀಟು ಸಿಗದೆ ಬಂದ ಗಣಪ. ಸರ್ ಮೊದಲ ದಿನವೇ ನಿಯಮ ಹೇಳಿದ್ದರು, ನೆನಪುಂಟಲ್ವಾ? ಎದುರಿನವನ ವಾದವನ್ನು ಮೊದಲು ನೀವೇ ಹೇಳಬೇಕು, ಅವನಿಗಿಂತ ಚೆನ್ನಾಗಿ ಹೇಳಬೇಕು. ಹೌದು, ನನ್ನ ಮನಸ್ಸಿನಲ್ಲಿರುವುದು ಇದೇ ಎಂದು ಅವನು ಒಪ್ಪಿದ ಮೇಲೆಯೇ ನಿಮ್ಮ ಮಾತು. ಮೊದಲನೆಯದು ಪೂರ್ವಪಕ್ಷ, ಎರಡನೆಯದು ಸಿದ್ಧಾಂತ. ವಿಗ್ರಹಪೂಜೆಯ ಪರವಾಗಿ ನೀನು ಪೂರ್ವಪಕ್ಷ ಮಾಡಿದ ದಿನ ನನಗೆ ಹೊಟ್ಟೆಕಿಚ್ಚಾಗಿತ್ತು, ಈಗ ಹೇಳುತ್ತೇನೆ. ಇವರಿಬ್ಬರಲ್ಲಿ ಭಟ್ಟರ ಮಗಳು ಯಾರು ಸಾರ್ ಎಂದು ಗಣಪ ಕೇಳಿದ್ದಕ್ಕೆ ಸರ್ ಕನ್ನಡಕ ತೆಗೆದು ನಕ್ಕಿದ್ದರು.

ಆ ನಿಯಮವನ್ನು ನಾನು ಮನೆಗೆ ತಂದೆ.

ಹತ್ತು ದಿನಗಳ ಹಿಂದಿನ ಮಾತು. ಮಧ್ಯಾಹ್ನದ ಊಟವಾಗಿತ್ತು. ಅಪ್ಪ ಮರುದಿನ ಮಾಡಿಸಬೇಕಿದ್ದ ಶ್ರಾದ್ಧಕ್ಕೆ ದರ್ಭೆ ಹೆಣೆಯುತ್ತಿದ್ದರು, ಅಮ್ಮ ಹರಿವೆ ದಂಟಿನ ನಾರು ತೆಗೆಯುತ್ತಿದ್ದರು. ಮೈಸೂರಿನ ವಿಷಯ ತೆಗೆದಾಗಲೆಲ್ಲ ಅಪ್ಪ, ನೋಡುವ ಮಗಾ, ಅಂದು ಎದ್ದು ಹೋಗುವುದು ನಿನಗೆ ಗೊತ್ತು. ಅವತ್ತು ನಾನು ಎದುರು ಕೂತು, ಅಪ್ಪ, ನಿಮ್ಮ ಹೆದರಿಕೆ ಎಂತದು ಅಂತ ನಾನೇ ಹೇಳ್ತೇನೆ, ತಪ್ಪಿದರೆ ತಿದ್ದಿ ಅಂದೆ. ಅಮ್ಮ, ಹೋ, ಇವಳ ಹರಿಕಥೆ ಸುರುವಾಯ್ತು ಅಂದರು.

ಫಿಲಾಸಫಿ ಕಲಿತವರಿಗೆ ಈ ಕಡೆ ಕೆಲಸ ಇಲ್ಲ ಎಂದು ಹೇಳಿದೆ. ಸರ್ ನಿವೃತ್ತರಾದರೆ ನಮ್ಮ ಕಾಲೇಜಿನಲ್ಲಿ ಆ ವಿಷಯವೇ ಇರಲಿಕ್ಕಿಲ್ಲ ಎಂದೆ. ಅಪ್ಪ ತಲೆ ಎತ್ತಲಿಲ್ಲ. ಇದೆಲ್ಲ ಯಾರು ಬೇಕಾದರೂ ಹೇಳುವ ಮಾತು. ಸರ್ ಆಗಿದ್ದರೆ, ಇನ್ನೂ ಒಳಗೆ ಹೋಗು ಹರಿಪ್ರಿಯಾ, ಅನ್ನುತ್ತಿದ್ದರು. ನಾನು ಒಳಗೆ ಹೋದೆ.

ಅಪ್ಪ, ನೀವು ಕಲಿತ ಶಾಸ್ತ್ರ ನಿಮ್ಮನ್ನು ಸಾಕಿತು, ಯಾಕೆಂದರೆ ನೀವು ಗಂಡಸು. ಜನ ಮನೆಗೆ ಕರೆದು, ಮಣೆ ಹಾಕಿ, ದಕ್ಷಿಣೆ ಕೊಟ್ಟರು. ಅದೇ ಶಾಸ್ತ್ರವನ್ನು ನಾನು ನಿಮಗಿಂತ ಹೆಚ್ಚು ಕಲಿತರೂ ನನಗೆ ಯಾರೂ ಮಣೆ ಹಾಕುವುದಿಲ್ಲ. ಅದು ನಿಮಗೆ ಗೊತ್ತುಂಟು. ಅದನ್ನು ನನ್ನ ಮುಖ ನೋಡಿ ಹೇಳಲಿಕ್ಕೆ ನಿಮಗೆ ಆಗುವುದಿಲ್ಲ, ಅದಕ್ಕೇ ಎದ್ದು ಹೋಗುತ್ತೀರಿ ಅಂದೆ.

ಶಾಝಿಯಾ, ಅಪ್ಪನ ಕೈಯಿಂದ ದರ್ಭೆ ಜಾರಿತು. ಮದುವೆ ಮನೆಯಲ್ಲೂ ಶ್ರಾದ್ಧದ ಮನೆಯಲ್ಲೂ ಒಂದೇ ಮುಖ ಇಟ್ಟುಕೊಳ್ಳುವ ಮನುಷ್ಯ, ಕಣ್ಣು ಒರೆಸಿಕೊಂಡರು. ಹೌದು ಮಗಾ, ಇದೇ. ಇಷ್ಟು ಸರಿಯಾಗಿ ನನಗೇ ಹೇಳಲಿಕ್ಕೆ ಬರುತ್ತಿರಲಿಲ್ಲ ಅಂದರು. ನನಗೆ ಒಳಗೊಳಗೇ ಜಂಬ. ಒಪ್ಪಿಗೆ ಸಿಕ್ಕಿತು, ಇನ್ನು ಸಿದ್ಧಾಂತ ಎಂದು ಉಸಿರು ಎಳೆದುಕೊಂಡೆ.

ಅಷ್ಟರಲ್ಲಿ ಅಪ್ಪ ಎದ್ದರು. ಒಳಗೆ ಹೋಗಿ ವಿನೀತ್ ಮಾವನಿಗೆ ಫೋನ್ ಮಾಡಿದರು. ಬಿ.ಎಡ್. ಕಾಲೇಜಿನ ಆಫೀಸಿನಲ್ಲಿರುವ ಅಮ್ಮನ ತಮ್ಮ, ನೀನು ನೋಡಿದ್ದಿ. ಅವಳಿಗೇ ಅರ್ಥ ಆಯ್ತು ಮಾರಾಯ, ಅವಳೇ ಬಾಯಿಬಿಟ್ಟು ಹೇಳಿದಳು ಅನ್ನುವುದು ಹೊರಗೆ ಕೇಳುತ್ತಿತ್ತು. ಅಮ್ಮ ದಂಟು ಬದಿಗಿಟ್ಟು, ಪಾಯಸ ಮಾಡ್ತೇನೆ, ತೆಂಗಿನಕಾಯಿ ತುರಿ ಅಂದರು.

ನಾನು ತುರಿದೆ. ಸಿದ್ಧಾಂತ ಬಾಯಲ್ಲೇ ಉಳಿಯಿತು. ಮಣೆ ಯಾರೂ ಹಾಕದಿದ್ದರೆ ನೆಲದ ಮೇಲೆ ಕೂರುತ್ತೇನೆ ಅಪ್ಪ, ಆದರೆ ಓದುವುದು ಬಿಡಲಾರೆ. ಅಷ್ಟೇ ಇತ್ತು, ಎರಡು ಸಾಲು. ಸಂಜೆ ಹೇಳುವ ಅಂದುಕೊಂಡೆ, ಅಪ್ಪ ಗುನುಗುತ್ತಾ ತುಳಸಿಗೆ ದೀಪ ಇಡುತ್ತಿದ್ದರು. ಬೆಳಿಗ್ಗೆ ಹೇಳುವ ಅಂದುಕೊಂಡೆ, ವಿನೀತ್ ಮಾವ ಸ್ಕೂಟರಿನಲ್ಲಿ ಬಂದು ಅಂಕಪಟ್ಟಿ ತೆಗೆದುಕೊಂಡು ಹೋದರು. ಹೀಗೇ ದಿನ ಹೋಯಿತು. ನನ್ನ ಬಾಯಿ ಕಟ್ಟಿದವರು ಯಾರೂ ಇಲ್ಲ.

ನನ್ನ ಕಥೆ ಇಷ್ಟೇ ಆಗಿದ್ದರೆ ಈ ಕಾಗದ ಬೇಕಿರಲಿಲ್ಲ. ಭಟ್ಟರ ಮಗಳು ಜೊತೆಗಿದ್ದರೆ ಮಾತ್ರ ನಿನ್ನನ್ನು ಕಳಿಸುತ್ತೇನೆ ಎಂದು ನಿನ್ನ ಉಮ್ಮ ಆಸಿಯಮ್ಮ ಹೇಳಿದ್ದಾರಲ್ಲ, ಅದೇ ನನಗೆ ನಿದ್ದೆ ಕೊಡುವುದಿಲ್ಲ. ನನ್ನ ತಟ್ಟೆಗೆ ಅಕ್ಕಿಯ ಪತ್ತಿರಿ ಹಾಕುತ್ತಾ, ನೀನುಂಟು ಅಂತ ನನಗೆ ಧೈರ್ಯ ಅಂದಿದ್ದರು. ನನ್ನ ಮೌನ ನನ್ನ ಓದನ್ನಷ್ಟೇ ತಿಂದಿದ್ದರೆ ಸಹಿಸುತ್ತಿದ್ದೆ.

ಬುಧವಾರ ನಿಮ್ಮ ಮನೆಗೆ ಬರುತ್ತೇನೆ. ಉಮ್ಮನ ಎದುರು ಕೂತು ಮಾತಾಡುತ್ತೇನೆ. ಪೂರ್ವಪಕ್ಷ ಮಾಡುವುದಿಲ್ಲ, ಹೆದರಬೇಡ. ಹೊಸಿಲು ದಾಟುವಾಗಲೇ ಸಿದ್ಧಾಂತ ಹೇಳಿಬಿಡುತ್ತೇನೆ: ಶಾಝಿಯಾ ಒಬ್ಬಳೇ ಹೋಗಲಿ. ಅವರು ಬೈದರೆ ಬೈಸಿಕೊಳ್ಳುತ್ತೇನೆ. ನೀನು ಮಾತಾಡದಿದ್ದರೂ ಬರುತ್ತೇನೆ.

ನಿನ್ನ ಪಕ್ಕದ ಬೆಂಚು ಖಾಲಿ ಮಾಡಿದ,
ಹರಿಪ್ರಿಯಾ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಅಪ್ಪನೂ ಹುಡುಗನಾಗಿದ್ದಾಗ ಉಡುಪಿಯಲ್ಲಿ ವಿದ್ವಾಂಸರ ಮುಂದೆ ವಾದ ಮಾಡಿ ಕಲಿತವರು. ಇವತ್ತು ಅವರು ಹೊರಡುವಾಗ ಕೇಳಿಯೇಬಿಟ್ಟೆ: ಪೂರ್ವಪಕ್ಷ ಮುಗಿದ ಕೂಡಲೇ ಸಭೆಯಿಂದ ಎದ್ದು ಹೋಗುವವನಿಗೆ ಎಂತ ಹೇಳ್ತಾರೆ ಅಪ್ಪ? ಅಪ್ಪ ಕೊಡೆ ಬಿಡಿಸಿದರು. ಅವನನ್ನು ಕೂರಿಸುವುದು ವಾದಿಯ ಕೆಲಸ ಮಗಾ, ಅವತ್ತು ನಂಬರ್ ಒತ್ತುವ ಮೊದಲು ಫೋನ್ ಹಿಡಿದುಕೊಂಡು ನಾನು ಒಳಗೆ ತುಂಬ ಹೊತ್ತು ನಿಂತಿದ್ದೆ, ನೀನು ಕರೆಯಲಿಲ್ಲ ಅಂದರು.