ಗೌಹಾಟಿಗೆ ಮೂರು ಗಂಟೆ

೧೯ ಆಗಸ್ಟ್ ೨೦೧೨, ಬೆಳಿಗ್ಗೆ

ಬರೆಯಬೇಕಂತೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಕೈಗೆ ಪೆನ್ನು! "ಬೈಯೋದನ್ನೆಲ್ಲ ಇದ್ರಲ್ಲಿ ಬರಿ ಅಜ್ಜಿ, ಬಿ.ಪಿ. ಏರಲ್ಲ" — ಮೊಮ್ಮಗ ಸಿದ್ಧಾರ್ಥನ ಉಪದೇಶ. ಸರಿ, ಬರೆದೆ. ಬೆರಳು ನೋವು.

ಇವತ್ತೂ ಹಾಲು ಒಂದು ಪ್ಯಾಕೆಟ್ ಜಾಸ್ತಿ ತಂದೆ. ಕುಡಿಯಲು ಮಾಮೊನಿ ಎಲ್ಲಿದ್ದಾಳೆ?

ಹಿಂದಿನ ರೂಮಿನ ಬಾಡಿಗೆಯವರ ಮಗು. ಅಸ್ಸಾಮಿನವರು. ತಾಯಿ ಜೂರಿಗೂ ಅವಳ ಗಂಡನಿಗೂ ಬೊಮ್ಮಸಂದ್ರದಲ್ಲಿ ಫ್ಯಾಕ್ಟರಿ ಕೆಲಸ, ಶಿಫ್ಟು. ಕೂಸಾಗಿದ್ದಾಗಿನಿಂದ ಮಾಮೊನಿ ನನ್ನ ಮಡಿಲಲ್ಲೇ. ಈಗ ಮೂರು ವರ್ಷ. ಗುರುವಾರ ಹೊರಟುಹೋದರು. ಅಸ್ಸಾಮಿನವರನ್ನು ಹೊಡೆಯುತ್ತಾರೆ ಅಂತ ಯಾರೋ ಫೋನಿಗೆ ಮೆಸೇಜು ಬಿಟ್ಟರು. ಎಲ್ಲರೂ ಗುಂಪುಗುಂಪಾಗಿ ಗೌಹಾಟಿ ರೈಲು ಹತ್ತಿದರು.

"ನನ್ ಕಾಂಪೌಂಡಲ್ಲಿ ನಿನ್ನ ಮುಟ್ಟೋ ಗಂಡು ಯಾವನವ್ನೆ ಕಣೆ?"

"ಎಲ್ಲಾರೂ ಓಯ್ತಾವ್ರೆ ಅಜ್ಜಿ. ನಾವೊಬ್ರೇ ಎಂಗಿರೋದು?"

ಮಗುವಿಗೆ ಜ್ವರ ಬೇರೆ. ರೇಗಿತು. "ಓಗೋರು ಬೀಗದ ಕೈ ಕೊಟ್ಟು ಓಗಿ!" ಅಂದೆ. ಕೊಡುವುದಿಲ್ಲ, ನಿಲ್ಲುತ್ತಾಳೆ ಅಂದುಕೊಂಡಿದ್ದೆ.

ಕೊಟ್ಟೇಬಿಟ್ಟಳು.

೨೦ ಆಗಸ್ಟ್

ಫೋನು ಸಿಗುತ್ತಿಲ್ಲ. ಗೌಹಾಟಿ ಎಷ್ಟು ದೂರ ಅಂತ ಸಿದ್ಧಾರ್ಥನನ್ನು ಕೇಳಿದೆ. ರೈಲಲ್ಲಾದರೆ ಮೂರು ದಿನ. ವಿಮಾನದಲ್ಲಿ ಮೂರು ಗಂಟೆ.

ಮೂರೇ ಗಂಟೆ! ಟ್ರಾಫಿಕ್ಕಿನ ದಿನ ಮೆಜೆಸ್ಟಿಕ್ಕಿಗೆ ಹೋಗಿಬರಲು ಅದಕ್ಕಿಂತ ಹೆಚ್ಚು ಬೇಕು. ಹತ್ತಿರವೇ ಇದ್ದಾರೆ. ಸ್ವಲ್ಪ ಊಟ ಸೇರಿತು.

೨ ಸೆಪ್ಟೆಂಬರ್

ಫೋನು ಬಂತು. ಜ್ವರ ಬಿಟ್ಟಿದೆ. "ಅಜ್ಜಿ, ಮುದ್ದೆ ಬೇಕು" ಅಂದಳು ಮಾಮೊನಿ.

"ಇಮಾನ ಅತ್ತು ಮಗಾ, ಮಧ್ಯಾನ ಊಟಕ್ಕೆ ಇಲ್ಲಿರ್ತೀಯ."

ಜೂರಿ ನಕ್ಕಳು. ಗೌಹಾಟಿಯಿಂದ ಅವಳ ಊರಿಗೆ ರಾತ್ರಿಯಿಡೀ ಬಸ್ಸು, ಆಮೇಲೆ ದೋಣಿಯಂತೆ. ಇಷ್ಟು ವರ್ಷ ಇದ್ದಳು... ನಿನ್ನ ಊರು ಎಲ್ಲಿ ಅಂತ ಒಂದು ದಿನವೂ ಕೇಳಲಿಲ್ಲ ನಾನು.

"ಗೌಹಾಟಿ ಅಂದ್ರೆ ಇಲ್ಲೇ ಪಕ್ಕದ ಅತ್ತಿಬೆಲೆ ಅನ್ಕೊಂಡ್ಯಾ ಅಜ್ಜಿ?" ಸಿದ್ಧಾರ್ಥನ ನಗೆ.

"ನೀನೇ ಮೂರು ಗಂಟೆ ಅಂದ್ಯಲ್ಲೋ, ಕತ್ತೆ!"

೧೯ ಸೆಪ್ಟೆಂಬರ್, ಗಣೇಶನ ಹಬ್ಬ

ಜೂರಿಯ ಪಕ್ಕದ ರೂಮಿನ ಅಸ್ಸಾಮಿನ ಗಂಡ-ಹೆಂಡತಿ ವಾಪಸ್ಸು ಬಂದರು. ಜೂರಿ ಇಲ್ಲ. ಯಾಕೆ ಅಂತ ಆ ಹೆಂಗಸನ್ನು ಕೇಳಿದೆ.

"ನೀವು ಬೀಗದ ಕೈ ಇಸ್ಕೊಂಡ್ರಲ್ಲ ಮುನಿಯಕ್ಕ? ರೂಮ್ ಹೋಯ್ತು ಅಂತ ಅಲ್ಲೇ ಕೆಲಸ ಹುಡುಕ್ತಾ ಇದ್ದಾಳೆ."

ಕಡುಬು ಮಾಡಿದ್ದೆ. ಎಲ್ಲಾ ಆ ಹೆಂಗಸಿಗೇ ಕೊಟ್ಟುಬಿಟ್ಟೆ.

೮ ಅಕ್ಟೋಬರ್

ಎಷ್ಟೋ ಸಲ ಮಾಡಿದ ಮೇಲೆ ಲೈನು ಸಿಕ್ಕಿತು. ರೂಮು ಹಾಗೇ ಇದೆ ಕಣೆ, ಯಾರಿಗೂ ಕೊಟ್ಟಿಲ್ಲ ಅಂದೆ. ಮಗುವಿಗೆ ಫೋನು ಕೊಡು ಅಂದೆ.

"ಮಾಮೊನಿ, ನಾನು ಕಣೆ."

ಅವರ ಭಾಷೆಯಲ್ಲಿ ಏನೋ ಅಂದಿತು. ಏನಂತೆ ಅಂದೆ.

"ಯಾರು ಅಂತ ಕೇಳ್ತಾವ್ಳೆ ಅಜ್ಜಿ."

೧೦ ಅಕ್ಟೋಬರ್

ಸಿದ್ಧಾರ್ಥನ ಕೈಲಿ ಮೆಸೇಜು ಹಾಕಿಸಬೇಕು. ಮೂವರಿಗೂ ಟಿಕೆಟ್ಟು ನಾನೇ ತೆಗೆಸುತ್ತೇನೆ, ವಿಮಾನದ್ದೇ. ಬೇಡಿಕೊಳ್ಳುವುದು ನನಗೆ ಬರುವುದಿಲ್ಲ. ಇಷ್ಟು ಬರೆದರೆ ಸಾಕು — ಜೂರಿ, ಬರುತ್ತೀಯೋ ಇಲ್ಲವೋ, ಟಿಕೆಟ್ಟು ತೆಗೆಸಬೇಕು, ಇಪ್ಪತ್ತನೇ ತಾರೀಕಿನೊಳಗೆ ಹೇಳು.