ಮುಂಗಡ ವಾಪಸ್

ಅಕ್ಟೋಬರ್ 12, ಭಾನುವಾರ

ಬಟ್ಟೆ ನೆನೆಸಿದ್ದಾಯಿತು. ಯಜಮಾನರು ಮತ್ತೆ ಕ್ಲಾಸಿಗೆ — ಬೈಪಾಸ್ ಹೋಟೆಲಿನ ಮಹಡಿ. ಆಯುಷ್ಯವೆಲ್ಲ ಹುಣಸೂರಿನಲ್ಲಿ ಶುಂಠಿ ಮಂಡಿ ನಡೆಸಿದ ನಂಜುಂಡೇಶ್ ಈಗ ವಿದ್ಯಾರ್ಥಿ. ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಒಂದೂ ಬರೆಯುವುದಿಲ್ಲ.

ಪಾಠ ಹೇಳುವವನು ಕಿರಣ್‌ಕುಮಾರ್, ಕೋಟು ಹಾಕಿದ ಪಂಡಿತ. ಷೇರು ಸುಮ್ಮನೆ ಇಟ್ಟುಕೊಂಡರೆ ಡಿವಿಡೆಂಡ್ ಮಾತ್ರ, ಅದರ ಮೇಲೆ ಆಪ್ಷನ್ ಮಾರಿದರೆ ತಿಂಗಳು ತಿಂಗಳು ಬಾಡಿಗೆ ಎಂದನಂತೆ. ರಿಟೈರಾದ ಕಂಡಕ್ಟರುಗಳು, ಹೊಗೆಸೊಪ್ಪಿನ ರೈತರು ಎಲ್ಲ ತಲೆಯಾಡಿಸಿದರಂತೆ. ಒಬ್ಬನಿಗೂ ಒಂದಕ್ಷರ ತಿಳಿದಿರಲಾರದು.

ಇವರ ಹತ್ತಿರ ಷೇರು ಎಲ್ಲಿದೆ? ಇರುವುದು ನನ್ನ ಹೆಸರಿನಲ್ಲಿ. ಪಿರಿಯಾಪಟ್ಟಣದ ಶಾಲೆಯಲ್ಲಿ ಲೆಕ್ಕದ ಪಾಠ ಮಾಡಿ, ಪೆನ್ಶನ್ ಇಲ್ಲದೆ ಹೊರಬಂದಾಗ ಸಿಕ್ಕಿದ್ದನ್ನು ಹೆಚ್ಚುಕಮ್ಮಿ ಪೂರ್ತಿ ಒಂದೇ ಕಂಪನಿಗೆ ಹಾಕಿದೆ. ವರ್ಷಕ್ಕೆರಡು ಸಲ ಡಿವಿಡೆಂಡ್ ನೇರ ನನ್ನ ಖಾತೆಗೆ. ಔಷಧಿ, ಸೀರೆ, ಕೆ.ಆರ್. ನಗರದ ಅಕ್ಕನ ಮನೆಗೆ ಹೋಗಿಬರುವ ಖರ್ಚು — ಯಾವುದಕ್ಕೂ ಇವರ ಮುಂದೆ ಕೈ ಚಾಚುವುದಿಲ್ಲ. ಮದುವೆಯಾದ ಹೊಸದರಲ್ಲಿ ಚಾಚಿದ್ದು ಸಾಕು. ಯಾಕೆ, ಎಷ್ಟು, ಮೊನ್ನೆ ಕೊಟ್ಟಿದ್ದು ಏನಾಯಿತು...

ನವೆಂಬರ್ 25, ಮಂಗಳವಾರ

ಹೋದ ತಿಂಗಳು ಇವರ ಕಾಟ ತಾಳಲಾರದೆ, ನನ್ನ ಷೇರಿನ ಮೇಲೆ ಆಪ್ಷನ್ ಮಾರಲು ಓಟಿಪಿ ಕೊಟ್ಟಿದ್ದೆ. ಇವತ್ತು ಅದರ ಗಡುವು.

ವಿಷಯ ಇಷ್ಟೇ. ಇಂಥ ಬೆಲೆಗೆ ನನ್ನ ಷೇರು ಕೊಳ್ಳುವ ಹಕ್ಕನ್ನು ಯಾರಿಗೋ ಮಾರುವುದು. ತಿಂಗಳ ಕೊನೆಯ ಮಂಗಳವಾರ ಬೆಲೆ ಅಷ್ಟಕ್ಕೆ ಏರಿರದಿದ್ದರೆ ಷೇರೂ ನಮ್ಮದು, ಹಕ್ಕಿಗೆ ಅವರು ಕೊಟ್ಟ ದುಡ್ಡೂ ನಮ್ಮದು. ಏರಿದ್ದರೆ ಷೇರು ಹೋಯಿತು, ಮಾತಾದ ಬೆಲೆಗೇ. ಎಂಟನೇ ಕ್ಲಾಸಿನವರಿಗೆ ಅರ್ಧ ಗಂಟೆ ಸಾಕು. ಇವರಿಗೆ ಅಷ್ಟು ಭಾನುವಾರ ಬೇಕಾಯಿತು.

ಏರಲಿಲ್ಲ. ಎಲೆಕ್ಷನ್ ಗೆದ್ದವರ ಹಾಗೆ ಬೀದಿ ಸುತ್ತಿ ಬಂದರು. ಮೈಸೂರುಪಾಕು ತಂದಿದ್ದರು. ಡಾಲ್ಡಾದ್ದು.

ಡಿಸೆಂಬರ್ 31

ಊಟಕ್ಕೆ ಕೂತಾಗ ಕೇಳಿದೆ — ಬೆಲೆ ಏರಿಬಿಟ್ಟರೆ?

"ಮುಂಗಡ ವಾಪಸ್ ಕೊಟ್ರಾಯ್ತು ಕಣೆ. ಮೇಲೊಂದಿಷ್ಟು ಸೇರ್ಸಿ ಕೊಟ್ರೆ ಯಾರ್ ಬ್ಯಾಡ ಅಂದಾರು? ಶುಂಠಿಲಿ ಅಂಗೇ ಅಲ್ವಾ ಮಾಡ್ತಿದ್ದಿದ್ದು?"

ತಟ್ಟೆ ತೊಳೆಯುತ್ತ ನಕ್ಕು ನಕ್ಕು ಸಾಕಾಯಿತು. ಶುಂಠಿ ಇನ್ನೂ ಹೊಲದಲ್ಲಿರುವಾಗಲೇ ಮಂಡಿಯವರು ರೈತನಿಗೆ ಮುಂಗಡ ಕೊಡುತ್ತಾರೆ. ಕೀಳುವ ಹೊತ್ತಿಗೆ ರೇಟು ಏರಿತೋ, ರೈತ ಬಂದು ಹೋಟೆಲಿನಲ್ಲಿ ಎದುರು ಕೂರುತ್ತಾನೆ. ಮುಂಗಡಕ್ಕೆ ಒಂದಿಷ್ಟು ಸೇರಿಸಿ ಟೇಬಲ್ ಮೇಲಿಡುತ್ತಾನೆ. ಕಾಫಿ ಕುಡಿದು ಮಾತು ಮುರಿದುಕೊಳ್ಳುತ್ತಾರೆ. ಯಾರಿಗೂ ಬೇಜಾರಿಲ್ಲ. ಇವರ ತಲೆಯಲ್ಲಿ ಆಪ್ಷನ್ ಎಂದರೂ ಅದೇ. ಮುಂಬೈಯಲ್ಲಿ ಯಾರೋ ಇವರ ಕಾಫಿಗೆ ಕಾದು ಕೂತಿದ್ದಾನೆ ಪಾಪ.

ತಿದ್ದಬಹುದಿತ್ತು. ತಿದ್ದಲಿಲ್ಲ. ಪರೀಕ್ಷೆಯಲ್ಲಿ ಉತ್ತರ ಹೇಳಿಕೊಡುವ ಅಭ್ಯಾಸ ನನಗಿಲ್ಲ. ಜನವರಿಯದಕ್ಕೂ ಓಟಿಪಿ ಕೊಟ್ಟೆ.

ಜನವರಿ 19, ಸೋಮವಾರ

ಕಂಪನಿ ದೊಡ್ಡ ಡಿವಿಡೆಂಡ್ ಘೋಷಿಸಿದೆ. ಇಪ್ಪತ್ತೊಂಬತ್ತನೇ ತಾರೀಖು ಷೇರು ಯಾರ ಖಾತೆಯಲ್ಲಿರುತ್ತದೋ ಅವರಿಗೆ. ಬೆಲೆ ಜಿಗಿದು ಮಾತಾದ ಬೆಲೆ ದಾಟಿದೆ; ಇಪ್ಪತ್ತೇಳರ ಗಡುವಿಗೂ ಹೀಗೇ ಇದ್ದರೆ ಷೇರು ಹೋಯಿತು.

ಮಾರಿದ ಆಪ್ಷನ್ನನ್ನು ಮಾರ್ಕೆಟ್ಟಿನಿಂದ ವಾಪಸ್ ಕೊಂಡರೆ ಷೇರು ಉಳಿಯುತ್ತದೆ. ಇವತ್ತೇ ಆದರೆ ಇಷ್ಟು ದಿನ ಬಂದ ಬಾಡಿಗೆ ಬಿಟ್ಟುಕೊಟ್ಟರೆ ಮುಗಿಯಿತು. ಫೋನ್ ನನ್ನದೇ, ಒತ್ತುವವಳೂ ನಾನೇ. ಆದರೆ ಯಾಕೆ ಒತ್ತಬೇಕು? ಬಂದು ಕೇಳಲಿ. ಪುಷ್ಪಾ, ನನಗೆ ಗೊತ್ತಾಗುತ್ತಿಲ್ಲ ಎನ್ನಲಿ. ಮೂವತ್ತೈದು ವರ್ಷದಲ್ಲಿ ಒಂದು ಸಲ.

ದಾಸವಾಳಕ್ಕೆ ನೀರು ಹಾಕುತ್ತ ಏನೋ ಗುನುಗುತ್ತಿದ್ದಾರೆ.

ಜನವರಿ 27, ಮಂಗಳವಾರ, ಮಧ್ಯಾಹ್ನ

ಇವರು ವೀರನಹೊಸಹಳ್ಳಿಗೆ, ಗೃಹಪ್ರವೇಶಕ್ಕೆ. ಬೆಲೆ ಎಲ್ಲೋ ಹೋಗಿದೆ. ಈಗ ವಾಪಸ್ ಕೊಳ್ಳಬೇಕೆಂದರೆ ಇರುವ ಒಂದು ಎಫ್‌ಡಿಯನ್ನೂ ಮುರಿಯಬೇಕು. ಮುರಿಯಬಹುದು. ಮಾರ್ಕೆಟ್ ಮುಚ್ಚುವುದು ಮೂರೂವರೆಗೆ, ಅಲ್ಲಿವರೆಗೆ ಟೈಮಿದೆ.

ಮೂರು ಗಂಟೆಗೆ ಫೋನ್. ಹಿಂದೆ ಓಲಗದ ಗದ್ದಲ.

"ಆ ಮುಂಗಡ ವಾಪಸ್ ಕೊಟ್ಬುಡು ಪುಷ್ಪಾ. ಎಲ್ಲಿ ಒತ್ತದು ಅಂತ ನಿಂಗೇ ಗೊತ್ತಲ್ಲ."

ಲೈನ್ ಕಟ್ಟಾಯಿತು. ಆ ಕಾಡಂಚಿನಲ್ಲಿ ಸಿಗ್ನಲ್ ನಿಲ್ಲುವುದಿಲ್ಲ.

ಇದು ಕೇಳಿದ್ದೋ, ಹೇಳಿದ್ದೋ? ಹೇಳಿದ್ದೇ. ಆಳಿಗೆ ಹೇಳಿದ ಹಾಗೆ.

3.31. ಒತ್ತಲಿಲ್ಲ.

ಜನವರಿ 29, ಗುರುವಾರ

ಷೇರಿನ ಖಾತೆ ಖಾಲಿ. ದುಡ್ಡು ಬಂದಿದೆ, ಮಾತಾದ ಬೆಲೆಗೆ. ಆ ದುಡ್ಡಿಗೆ ಈಗ ಅಷ್ಟು ಷೇರು ಬರುವುದಿಲ್ಲ. ಡಿವಿಡೆಂಡಂತೂ ಇನ್ಯಾರಿಗೋ.

ಇವರು ಕಿರಣ್‌ಕುಮಾರನ ಆಫೀಸಿಗೆ ಹೋಗಿ, ಷೇರು ತೆಗೆದುಕೊಂಡವರ ಹೆಸರು, ಊರು ಕೇಳಿದರಂತೆ. ಹೋಗಿ ಎದುರು ಕೂತು ಮಾತಾಡುತ್ತೇನೆ ಎಂದರಂತೆ. ಅಲ್ಲಿದ್ದವರೆಲ್ಲ ನಕ್ಕರಂತೆ. ಚಪ್ಪಲಿ ಬಿಡುತ್ತ ಇವರೇ ಹೇಳಿದರು. ಆ ನಗುವಿಗಾಗಿ ಒಂದು ತಿಂಗಳಿಂದ ಕಾದಿದ್ದೆ. ನನಗೆ ಬರಲಿಲ್ಲ.

"ನಿಂಗೆ ಮೊದ್ಲೇ ಗೊತ್ತಿತ್ತಾ?"

ಇಲ್ಲ ಅಂದೆ.

"ನಿಂಗೇ ಗೊತ್ತಿರ್ನಿಲ್ಲ ಅಂದ್ಮೇಲೆ ನಂಗೆಂಗೆ ಗೊತ್ತಾಯ್ತದೆ, ಬುಡು."

ಹಗುರಾಗಿ ಕಾಲು ತೊಳೆಯಲು ಹೋದರು. ಪೂರ್ತಿ ನಂಬಿದರು. ಎಂಥ ಹೆಡ್ಡ ಮನುಷ್ಯ ಎಂದು ಬರೆಯಲು ಕೂತೆ. ಬರೆದ ಮೇಲೆ ಯಾರನ್ನು ಅಂದೆನೋ ತಿಳಿಯುತ್ತಿಲ್ಲ.

ಫೆಬ್ರವರಿ 16, ಸೋಮವಾರ

ಶಿವರಾತ್ರಿಯ ಜಾಗರಣೆ, ಕಣ್ಣು ಉರಿ. ಡ್ರಾಪ್ಸ್ ಮುಗಿದಿದೆ. ಇವತ್ತು ಡಿವಿಡೆಂಡ್ ಬರಬೇಕಿದ್ದ ದಿನ. ಬ್ಯಾಂಕಿನಲ್ಲಿರುವುದು ಅಸಲು, ಮುಟ್ಟಬಾರದು.

ಇವರು ಕಾಫಿ ತಾವೇ ಮಾಡಿ ತಂದರು, ಎರಡು ಲೋಟ. ಎದುರು ಕೂತರು. ಮಂಡಿಯ ಗೋಡೌನಿನಿಂದ ಬಂದ ಬಾಡಿಗೆ ದುಡ್ಡನ್ನು ಟೇಬಲ್ ಮೇಲಿಟ್ಟರು. ಯಾಕೆ, ಎಷ್ಟು ಎಂದು ಕೇಳಲಿಲ್ಲ.

"ನಿಂಗ್ ಬರ್ಬೇಕಾಗಿದ್ದು ಇವತ್ತಲ್ವಾ. ಕಳ್ದೋನು ನಾನು, ನಾನೇ ತುಂಬ್ತೀನಿ. ಮೇಲೊಂದಿಷ್ಟು ಸೇರ್ಸಿವ್ನಿ."

ಕೈ ಚಾಚಲಾಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ರೀ, ಅವತ್ತು ಮಂಗಳವಾರ ನಾನು..." ಎಂದೆ.

ಲೋಟ ಕೆಳಗಿಟ್ಟರು. ಹೇಳು ಅಂದರು. ಹೇಳಿದೆ, ಎಲ್ಲ. ಆಗ ಇವರು ದುಡ್ಡನ್ನು ನನ್ನ ಕಡೆ ಸರಿಸಿ, "ಕಾಫಿ ಆರೋಯ್ತದೆ, ಕುಡಿ" ಅಂದರು.